ಬಾರ್ಲಿಗೆ ಹೆಸರು ಸಿಕ್ಕಿದ್ದು 2025ರಲ್ಲಿ

ಭಾಗ 1

ಮೊದಲನೇ ಸ್ಲೈಡ್‌ನಲ್ಲಿರೋ ಲೇಬಲ್ ಸ್ವಲ್ಪ ಜೂಮ್ ಮಾಡಿ ನೋಡಿ. ಅದರಲ್ಲಿ ಮೂರು ಮಾತಿವೆ. ಅಮೆರಿಕನ್. ಸಿಂಗಲ್ ಮಾಲ್ಟ್. ಕ್ಯಾಸ್ಕ್ ಸ್ಟ್ರೆಂತ್. ರೀಲ್ಸ್‌ನಲ್ಲಿ ಯಾರೋ ಗ್ಲಾಸ್ ತಿರುಗಿಸಿ, ಮೂಸಿ ನೋಡಿ, ಕಣ್ಣು ಮುಚ್ಚಿ ‘ಆಹಾ’ ಅಂದು ಮುಗಿಸಿಬಿಡ್ತಾರೆ. ಆ ಮೂರು ಮಾತು ಲೇಬಲ್ ಮೇಲೆ ಹೇಗೆ ಬಂದವು ಅಂತ ಮಾತ್ರ ಯಾರೂ ಹೇಳಲ್ಲ. ಅದಕ್ಕೆ ಹೆಚ್ಚು ಕಡಿಮೆ 230 ವರ್ಷ ಹಿಡಿದಿದೆ. ನಡುವೆ ಒಂದು ದಂಗೆ ಆಗಿದೆ, ಒಂದು ಪಾನನಿಷೇಧ ಬಂದು ಹೋಗಿದೆ, ಒಂದು ದನದ ಕೊಟ್ಟಿಗೆಗೆ ಬೆಂಕಿ ಬಿದ್ದಿದೆ.

ಮೊದಲೇ ಹೇಳಿಬಿಡ್ತೀನಿ, ಇದು ರಿವ್ಯೂ ಅಲ್ಲ. ನನಗೆ 20. ಅಮೆರಿಕದಲ್ಲಿ 1984ರ ಕಾನೂನಿನ ನಂತರ ರಾಜ್ಯಗಳು ಮದ್ಯ ಕೊಳ್ಳುವ ವಯಸ್ಸನ್ನು 21ಕ್ಕೆ ತಂದು ನಿಲ್ಲಿಸಿದವು. ಅಂದರೆ ಈ ಬಾಟಲಿ ಹುಟ್ಟಿದ ಊರಿಗೇ ಹೋದರೂ ನನಗೆ ಕೊಡಲ್ಲ. ಬಿಕಾಂ ಓದೋರಿಗೆ ಇದರಲ್ಲಿ ಏನು ಕೆಲಸ ಅಂತೀರಾ? ಈ ಚರಿತ್ರೆ ಪೂರ್ತಿ ಅಬಕಾರಿ ಸುಂಕದ ಚರಿತ್ರೆ. ನಮ್ಮ ಸಿಲಬಸ್ಸೇ ಅನ್ನಿ.

ಮೊದಲು ಅರ್ಥ. ಮಾಲ್ಟ್ ಅಂದ್ರೆ ಧಾನ್ಯ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ್ದು. ಮನೇಲಿ ರಾಗಿ ಮೊಳಕೆ ಕಟ್ಟಿ ಒಣಗಿಸಿ ಪುಡಿ ಮಾಡ್ತಾರಲ್ಲ, ಅದೇ ತತ್ವ. ಸಿಂಗಲ್ ಮಾಲ್ಟ್ ಅಂದ್ರೆ ಬರೀ ಮೊಳಕೆ ಬಾರ್ಲಿಯಿಂದ, ಒಂದೇ ಡಿಸ್ಟಿಲರಿಯಲ್ಲಿ ಬಟ್ಟಿ ಇಳಿಸಿದ ವಿಸ್ಕಿ. ಕ್ಯಾಸ್ಕ್ ಸ್ಟ್ರೆಂತ್ ಅಂದ್ರೆ ಪೀಪಾಯಿಯಲ್ಲಿ ಎಷ್ಟು ಕಡಕ್ ಇತ್ತೋ ಅಷ್ಟೇ ಕಡಕ್ ಆಗಿ ಬಾಟಲಿಗೆ ತುಂಬಿದ್ದು, ನೀರು ಬೆರೆಸಿ ಇಳಿಸದೆ. ಸಾಮಾನ್ಯ ವಿಸ್ಕಿಯಲ್ಲಿ ಆಲ್ಕೋಹಾಲ್ ಶೇ. 40ರಿಂದ 43 ಇದ್ದರೆ ಇದರಲ್ಲಿ ಶೇ. 55, 60, ಕೆಲವೊಮ್ಮೆ ಅದಕ್ಕೂ ಮೇಲೆ.

ಭಾಗ 2

ಅಮೆರಿಕದ ವಿಸ್ಕಿ ಅಂದ್ರೆ ಎಲ್ಲರ ಬಾಯಲ್ಲೂ ಬರೋದು ಬೂರ್ಬನ್. ಅದು ಮೆಕ್ಕೆಜೋಳದ್ದು. ಅದಕ್ಕೂ ಮೊದಲು ರೈ ಅನ್ನೋ ಧಾನ್ಯದ್ದು. ಹಾಗಾದ್ರೆ ಬಾರ್ಲಿ ಎಲ್ಲಿತ್ತು?

ಎಲ್ಲ ಕಡೆ ಇತ್ತು. ಆದರೆ ಕೂಲಿ ಆಳಿನ ಹಾಗೆ.

ಮೆಕ್ಕೆಜೋಳದಲ್ಲಿ ಇರೋದು ಪಿಷ್ಟ. ಈಸ್ಟ್‌ಗೆ ಪಿಷ್ಟ ತಿನ್ನೋಕೆ ಬರಲ್ಲ, ಸಕ್ಕರೆ ಬೇಕು. ಮೊಳಕೆ ಬಂದ ಬಾರ್ಲಿಯಲ್ಲಿ ಹುಟ್ಟುವ ಕಿಣ್ವಗಳು ಆ ಪಿಷ್ಟವನ್ನು ಒಡೆದು ಸಕ್ಕರೆ ಮಾಡ್ತವೆ. ಹಾಗಾಗಿ ಜೋಳದ ವಿಸ್ಕಿಗೂ ಒಂದು ಹಿಡಿ ಬಾರ್ಲಿ ಹಾಕಲೇಬೇಕಿತ್ತು. ಕೆಲಸ ಬಾರ್ಲಿಯದು, ಹೆಸರು ಜೋಳದ್ದು.

ಒಂದು ಉದಾಹರಣೆ ಕೊಡ್ತೀನಿ, ದೊಡ್ಡವರ ಮನೆಯದ್ದು. ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷ ಪದವಿ ಬಿಟ್ಟು ಊರಿಗೆ ಬಂದ 1797ರಲ್ಲಿ, ಜೇಮ್ಸ್ ಆಂಡರ್ಸನ್ ಎಂಬ ಸ್ಕಾಟಿಷ್ ಮೇಲ್ವಿಚಾರಕನ ಮಾತು ಕೇಳಿ ತಮ್ಮ ಮೌಂಟ್ ವರ್ನನ್ ಜಮೀನಿನಲ್ಲಿ ಬಟ್ಟಿಖಾನೆ ಶುರು ಮಾಡಿದರು. 1799ರಲ್ಲಿ ಅಲ್ಲಿ ಸುಮಾರು 11,000 ಗ್ಯಾಲನ್ ವಿಸ್ಕಿ ಇಳಿಸಿದರು. ಮಿಶ್ರಣ ಹೀಗಿತ್ತು: ರೈ ಶೇ. 60, ಮೆಕ್ಕೆಜೋಳ ಶೇ. 35, ಮೊಳಕೆ ಬಾರ್ಲಿ ಶೇ. 5. ಆ ಬಟ್ಟಿಖಾನೆಯಲ್ಲಿ ದುಡಿದವರಲ್ಲಿ ಆರು ಜನ ಗುಲಾಮರು. ಅವರ ಹೆಸರು ದಾಖಲೆಯಲ್ಲಿ ಉಳಿದಿದೆ: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ಪಠ್ಯಪುಸ್ತಕದಲ್ಲಿ ವಾಷಿಂಗ್ಟನ್ ಬಗ್ಗೆ ಓದುವಾಗ ಈ ಆರು ಹೆಸರು ನಮಗೆ ಸಿಗಲಿಲ್ಲ, ಅದಕ್ಕೇ ಇಲ್ಲಿ ಬರೆದೆ.

ಭಾಗ 3

ಈಗ ಕಾಮರ್ಸ್ ಕ್ಲಾಸ್. ನಿದ್ದೆ ಮಾಡಬೇಡಿ, ಇದರಲ್ಲಿ ಬಂದೂಕೂ ಬರುತ್ತೆ.

ಸ್ವಾತಂತ್ರ್ಯ ಸಿಕ್ಕ ಅಮೆರಿಕದ ತಲೆ ಮೇಲೆ ಯುದ್ಧದ ಸಾಲ ಇತ್ತು. ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಒಂದು ದಾರಿ ಹುಡುಕಿದರು. 1791ರ ಮಾರ್ಚ್ 3ರಂದು ದೇಶದೊಳಗೆ ಇಳಿಸುವ ಮದ್ಯದ ಮೇಲೆ ಸುಂಕ ಬಿತ್ತು. ಹಳ್ಳಿಯ ಸಣ್ಣ ಬಟ್ಟಿಗಾರರಿಗೆ ಎರಡು ದಾರಿ: ಇಳಿಸಿದ ಪ್ರತಿ ಗ್ಯಾಲನ್‌ಗೆ 9 ಸೆಂಟ್ ಕೊಡಿ, ಇಲ್ಲವೇ ಬಟ್ಟಿ ಪಾತ್ರೆಯ ಸಾಮರ್ಥ್ಯ ಎಷ್ಟು ಗ್ಯಾಲನ್ ಇದೆಯೋ ಅಷ್ಟಕ್ಕೆ ವರ್ಷಕ್ಕೆ ಗ್ಯಾಲನ್‌ಗೆ 60 ಸೆಂಟ್ ಕಟ್ಟಿ.

ಫಿಕ್ಸೆಡ್ ಕಾಸ್ಟ್ ಅಂದ್ರೆ ಏನು ಅಂತ ನೆನಪಿದೆಯಲ್ಲ? ಪಾತ್ರೆಯ ಮೇಲೆ ಸುಂಕ ಹಾಕಿದರೆ, ವರ್ಷಪೂರ್ತಿ ಹಗಲೂ ರಾತ್ರಿ ಬಟ್ಟಿ ಉರಿಸುವ ದೊಡ್ಡವನಿಗೆ ಗ್ಯಾಲನ್‌ಗೆ ಬೀಳೋದು ಚಿಲ್ಲರೆ ಕಾಸು. ಸುಗ್ಗಿ ಮುಗಿದ ಮೇಲೆ ನಾಲ್ಕು ವಾರ ಇಳಿಸುವ ರೈತನಿಗೆ ಅದೇ ದೊಡ್ಡ ಹೊರೆ. ಅದರ ಮೇಲೆ ಸುಂಕ ನಗದಾಗಿ ಕಟ್ಟಬೇಕು. ಪಶ್ಚಿಮ ಪೆನ್ಸಿಲ್ವೇನಿಯಾದ ಬೆಟ್ಟದಾಚೆ ನಗದು ಎಲ್ಲಿತ್ತು? ಅಲ್ಲಿ ವಿಸ್ಕಿಯೇ ದುಡ್ಡು. ಆಳಿಗೆ ಕೂಲಿ ವಿಸ್ಕಿಯಲ್ಲಿ, ಅಂಗಡಿ ಬಾಕಿ ವಿಸ್ಕಿಯಲ್ಲಿ. ಧಾನ್ಯವನ್ನು ಹಾಗೇ ಕುದುರೆ ಮೇಲೆ ಹೇರಿ ಬೆಟ್ಟ ದಾಟಿಸಿದರೆ ಸಾಗಣೆ ಖರ್ಚೇ ಹುಟ್ಟಲ್ಲ. ವಿಸ್ಕಿ ಮಾಡಿ ಸಾಗಿಸಿದರೆ ಅದೇ ಕುದುರೆ ಹಲವು ಪಟ್ಟು ಬೆಲೆಯ ಸರಕು ಹೊರುತ್ತೆ.

1794ರ ಜುಲೈಯಲ್ಲಿ ಸುಂಕದ ಮೇಲಧಿಕಾರಿ ಜಾನ್ ನೆವಿಲ್ ಮನೆ ಮೇಲೆ ದಾಳಿ ಆಯಿತು, ಮನೆ ಸುಟ್ಟುಹೋಯಿತು. ವಾಷಿಂಗ್ಟನ್ ಸುಮಾರು 13,000 ಸೈನಿಕರನ್ನು ಕರೆಸಿ ತಾವೂ ಜೊತೆಗೆ ಹೊರಟರು. ಸೇನೆ ಬರುವಷ್ಟರಲ್ಲಿ ದಂಗೆಕೋರರು ಚದುರಿ ಹೋಗಿದ್ದರು. ಇಬ್ಬರಿಗೆ ರಾಜದ್ರೋಹದ ಶಿಕ್ಷೆ ಆಯಿತು, ಅವರಿಗೂ ವಾಷಿಂಗ್ಟನ್ ಕ್ಷಮೆ ಕೊಟ್ಟರು. ಜೆಫರ್ಸನ್ ಕಾಲದಲ್ಲಿ, 1802ರಲ್ಲಿ, ಆ ಸುಂಕವನ್ನೇ ತೆಗೆದರು. ದಂಗೆ ಅಡಗಿಸಿದ ಮೂರು ವರ್ಷಕ್ಕೆ ವಾಷಿಂಗ್ಟನ್ ತಾವೇ ಬಟ್ಟಿಖಾನೆ ಇಟ್ಟರು ಅನ್ನೋದನ್ನ ಭಾಗ 2ರ ಜೊತೆ ಸೇರಿಸಿ ಓದಿಕೊಳ್ಳಿ. ನಾನೇನೂ ಹೇಳಲ್ಲಪ್ಪ.

ಇಲ್ಲಿ ಇನ್ನೊಂದು ಮಾತು ಹಿಡಿದುಕೊಳ್ಳಿ: ಪ್ರೂಫ್. ಸುಂಕ ಹಾಕಬೇಕಾದ್ರೆ ಮದ್ಯದಲ್ಲಿ ನೀರೆಷ್ಟು, ಸಾರ ಎಷ್ಟು ಅಂತ ಅಳೆಯಲೇಬೇಕು. ಹಿಂದೆ ಇಂಗ್ಲೆಂಡಿನಲ್ಲಿ ಮದ್ಯದಲ್ಲಿ ಮದ್ದಿನ ಪುಡಿ ನೆನೆಸಿ ಬೆಂಕಿ ಹಚ್ಚಿ ನೋಡ್ತಿದ್ದರು, ಹೊತ್ತಿಕೊಂಡರೆ ‘ಸಾಬೀತು’ ಅನ್ನೋ ಕಥೆ ಇದೆ. ಆಮೇಲೆ ಹೈಡ್ರೋಮೀಟರ್ ಬಂತು. ಅಮೆರಿಕದ ಇವತ್ತಿನ ಲೆಕ್ಕ ಸುಲಭ: ಆಲ್ಕೋಹಾಲ್ ಶೇಕಡಾವಾರನ್ನು ಎರಡರಿಂದ ಗುಣಿಸಿ. ಶೇ. 60 ಅಂದ್ರೆ 120 ಪ್ರೂಫ್. ಲೇಬಲ್ ಮೇಲಿನ ಆ ಸಂಖ್ಯೆ ರುಚಿ ನೋಡೋರಿಗಾಗಿ ಹುಟ್ಟಿದ್ದಲ್ಲ, ಸುಂಕದವರಿಗಾಗಿ ಹುಟ್ಟಿದ್ದು.

ಭಾಗ 4

ಈ ಭಾಗ ಬೇಗ ಮುಗಿಸ್ತೀನಿ.

19ನೇ ಶತಮಾನದಲ್ಲಿ ವಿಸ್ಕಿ ಅಂತ ಮಾರುತ್ತಿದ್ದ ಎಷ್ಟೋ ಬಾಟಲಿಗಳಲ್ಲಿ ಇದ್ದದ್ದು ಬಣ್ಣ ಹಾಕಿದ ಕಚ್ಚಾ ಸ್ಪಿರಿಟ್. ಅದಕ್ಕೆ ಮದ್ದಾಗಿ 1897ರ ಮಾರ್ಚ್ 3ರಂದು (ಹೌದು, ಮತ್ತೆ ಮಾರ್ಚ್ 3, ಆಗ ಕಾಂಗ್ರೆಸ್ ಅವಧಿ ಮುಗಿಯುತ್ತಿದ್ದದ್ದು ಆ ಹೊತ್ತಿಗೆ, ಕೊನೇ ದಿನ ಗಡಿಬಿಡಿ ಅವರಿಗೂ ಇತ್ತು) ಬಾಟಲ್ಡ್ ಇನ್ ಬಾಂಡ್ ಕಾಯ್ದೆ ಬಂತು. ಒಬ್ಬನೇ ಬಟ್ಟಿಗಾರ, ಒಂದೇ ಹಂಗಾಮು, ಸರ್ಕಾರದ ಬೀಗದ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ, ಬಾಟಲಿಯಲ್ಲಿ ಸರಿಯಾಗಿ 100 ಪ್ರೂಫ್. ಸುಂಕದ ಅಧಿಕಾರಿಯ ಬೀಗವೇ ಗ್ರಾಹಕನಿಗೆ ಗ್ಯಾರಂಟಿ ಆಯಿತು.

1920ರ ಜನವರಿಯಿಂದ 1933ರ ಡಿಸೆಂಬರ್ 5ರವರೆಗೆ ಪಾನನಿಷೇಧ. ಡಾಕ್ಟರ್ ಚೀಟಿ ಇದ್ದರೆ ‘ಔಷಧಿ’ ವಿಸ್ಕಿ ಸಿಗ್ತಿತ್ತು, ಅದು ಬೇರೆ ಕಥೆ. ನಿಷೇಧ ಮುಗಿಯುವ ಹೊತ್ತಿಗೆ ಸಣ್ಣವರು ನೆಲಸಮ. ಉಳಿದವರು ದೊಡ್ಡವರು, ಅವರ ಕೈಯಲ್ಲಿದ್ದದ್ದು ಜೋಳ ಮತ್ತು ರೈ. 1930ರ ದಶಕದಲ್ಲಿ ಹೊಸ ನಿಯಮ ಬರೆದಾಗ ‘ಮಾಲ್ಟ್ ವಿಸ್ಕಿ’ ಅಂತ ಒಂದು ವರ್ಗ ಇತ್ತು, ನಿಜ. ಆದರೆ ಅದಕ್ಕೆ ಮೊಳಕೆ ಬಾರ್ಲಿ ಶೇ. 51 ಇದ್ದರೆ ಸಾಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ‘ಸಿಂಗಲ್ ಮಾಲ್ಟ್’ ಅನ್ನೋ ಮಾತಿಗೆ ಅರ್ಥವನ್ನೇ ಕೊಟ್ಟಿರಲಿಲ್ಲ. ನೂರಕ್ಕೆ ನೂರು ಬಾರ್ಲಿ ಹಾಕುವವನಿಗೂ 51 ಹಾಕುವವನಿಗೂ ಕಾನೂನಿನ ಕಣ್ಣಲ್ಲಿ ವ್ಯತ್ಯಾಸ ಇಲ್ಲ.

ಭಾಗ 5

ಬಾರ್ಲಿಯ ಅದೃಷ್ಟ ತಿರುಗಿದ್ದು ವಿಸ್ಕಿಯಿಂದ ಅಲ್ಲ, ಬಿಯರ್‌ನಿಂದ.

1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಒಂದು ಕಾಯ್ದೆ, ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳೋರನ್ನ ಸುಂಕದಿಂದ ಬಿಟ್ಟಿತು. ಬಟ್ಟಿ ಇಳಿಸೋದಕ್ಕೆ ಆ ವಿನಾಯಿತಿ ಸಿಗಲಿಲ್ಲ. ಒಂದು ಪೀಳಿಗೆ ಹುಡುಗರು ಗ್ಯಾರೇಜ್‌ನಲ್ಲಿ ಬಾರ್ಲಿ ಕುದಿಸೋದು ಕಲಿತರು. ಪಶ್ಚಿಮ ಕರಾವಳಿಯಲ್ಲಿ ಸಣ್ಣ ಬ್ರೂವರಿಗಳು ಎದ್ದವು. ಈಗ ನೋಡಿ, ಮಾಲ್ಟ್ ವಿಸ್ಕಿಯ ಮೊದಲ ಹೆಜ್ಜೆ ಅಂದ್ರೆ ಹಾಪ್ಸ್ ಹಾಕದ ಬಿಯರ್. ಅರ್ಧ ದಾರಿ ಅವರಿಗೆ ಗೊತ್ತೇ ಇತ್ತು.

ಸ್ಟೀವ್ ಮೆಕಾರ್ಥಿ ಒರೆಗಾನ್‌ನವರು, ಮನೆತನದ್ದು ಪೇರ್ ಹಣ್ಣಿನ ತೋಟ. ಹಣ್ಣಿಗೆ ಬೆಲೆ ಸಿಗ್ತಿಲ್ಲ ಅಂತ 1985ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಕ್ಲಿಯರ್ ಕ್ರೀಕ್ ಡಿಸ್ಟಿಲರಿ ತೆರೆದು ಪೇರ್ ಬ್ರಾಂಡಿ ಇಳಿಸಿದರು. ಆಮೇಲೆ ಐರ್ಲೆಂಡ್ ಪ್ರವಾಸದಲ್ಲಿ ಮಳೆಗೆ ಸಿಕ್ಕಿಬಿದ್ದು ಕೂತಾಗ ಸ್ಕಾಟ್ಲೆಂಡಿನ ಲ್ಯಾಗವುಲಿನ್ ಕುಡಿದು, ಇದನ್ನ ನಾನೇ ಯಾಕೆ ಮಾಡಬಾರದು ಅನ್ನಿಸಿತಂತೆ. ಸ್ಕಾಟ್ಲೆಂಡಿನಿಂದ ಹೊಗೆ ಹಿಡಿಸಿದ ಮಾಲ್ಟ್ ತರಿಸಿದರು. ಊರಿನ ವಿಡ್ಮರ್ ಬ್ರದರ್ಸ್ ಬ್ರೂವರಿಯಲ್ಲಿ ಅದನ್ನ ಕುದಿಸಿ ಹುದುಗಿಸಿದರು. ಬಟ್ಟಿ ಇಳಿಸಿದ್ದು ತಮ್ಮ ಪೇರ್ ಬ್ರಾಂಡಿಯ ಪಾತ್ರೆಯಲ್ಲೇ. ಇಟ್ಟಿದ್ದು ಒರೆಗಾನ್‌ನ ಓಕ್ ಪೀಪಾಯಿಯಲ್ಲಿ. 1996ರಲ್ಲಿ ಬಾಟಲಿ ಹೊರಬಂತು. ಇವತ್ತಿನ ಅಮೆರಿಕನ್ ಸಿಂಗಲ್ ಮಾಲ್ಟ್ ಚರಿತ್ರೆ ಬರೆಯೋರು ಸಾಮಾನ್ಯವಾಗಿ ಇಲ್ಲಿಂದಲೇ ಶುರು ಮಾಡ್ತಾರೆ. ಮೆಕಾರ್ಥಿ 2023ರಲ್ಲಿ ತೀರಿಕೊಂಡರು.

ಅದೇ 1996ರಲ್ಲಿ ಕ್ಯಾಲಿಫೋರ್ನಿಯಾದ ಅಲಮೇಡಾದಲ್ಲಿದ್ದ ಸೇಂಟ್ ಜಾರ್ಜ್ ಸ್ಪಿರಿಟ್ಸ್‌ಗೆ ಲ್ಯಾನ್ಸ್ ವಿಂಟರ್ಸ್ ಎಂಬ ಬ್ರೂವರ್ ಕೆಲಸ ಕೇಳಿಕೊಂಡು ಹೋದರು. ಹಿಂದೆ ನೌಕಾಪಡೆಯಲ್ಲಿ ಅಣುಶಕ್ತಿ ವಿಭಾಗದಲ್ಲಿದ್ದವರು. ರೆಸ್ಯೂಮೆ ಬದಲು ಕೈಯಲ್ಲಿ ಒಂದು ಬಾಟಲಿ, ತಾವೇ ಇಳಿಸಿದ ವಿಸ್ಕಿ. ಕೆಲಸ ಸಿಕ್ಕಿತು. (ಪ್ಲೇಸ್‌ಮೆಂಟ್ ಸೆಲ್‌ನವರು ಇದನ್ನ ಓದ್ತಿದ್ರೆ, ಸುಮ್ನೆ ಹೇಳಿದೆ ಅಷ್ಟೇ.) 2000ದಲ್ಲಿ ಅವರ ಸಿಂಗಲ್ ಮಾಲ್ಟ್ ಮಾರುಕಟ್ಟೆಗೆ ಬಂತು.

ಕೊಟ್ಟಿಗೆಗೆ ಬೆಂಕಿ ಬಿದ್ದ ಕಥೆ ಕೊಲರಾಡೋದ್ದು. ಜೆಸ್ ಗ್ರೇಬರ್ ಸ್ವಯಂಸೇವಕ ಅಗ್ನಿಶಾಮಕ. ಒಂದು ಕೊಟ್ಟಿಗೆ ಹೊತ್ತಿ ಉರೀತಿದೆ ಅಂತ ಕರೆ ಬಂದು ಓಡಿದರು. ಕೊಟ್ಟಿಗೆ ಜಾರ್ಜ್ ಸ್ಟ್ರಾನಹನ್ ಅವರದ್ದು, ಭೌತಶಾಸ್ತ್ರಜ್ಞ, ಫ್ಲೈಯಿಂಗ್ ಡಾಗ್ ಬ್ರೂವರಿ ಕಟ್ಟಿದವರು. ಬೆಂಕಿ ಆರಿದ ಮೇಲೆ ಇಬ್ಬರಿಗೂ ವಿಸ್ಕಿ ಹುಚ್ಚು ಇರೋದು ಗೊತ್ತಾಯಿತು. 2004ರಲ್ಲಿ ಡೆನ್ವರ್‌ನಲ್ಲಿ ಸ್ಟ್ರಾನಹನ್ಸ್ ಶುರುವಾಯಿತು, ಅದರ ಬಾರ್ಲಿ ರಸ ಬರುತ್ತಿದ್ದದ್ದು ಅದೇ ಬ್ರೂವರಿಯಿಂದ.

ಭಾಗ 6

ಈಗ ಕ್ಯಾಸ್ಕ್ ಸ್ಟ್ರೆಂತ್. ಲೆಕ್ಕದ ಭಾಗ, ನನ್ನ ಫೇವರಿಟ್.

ಒಂದು ಪೀಪಾಯಿ ಹಿಡಿಯೋದು ಸುಮಾರು 200 ಲೀಟರ್. ವರ್ಷಗಳು ಕಳೆಯುತ್ತಾ ಓಕ್ ಮರದ ಸಂದಿಯಿಂದ ಸ್ವಲ್ಪ ಸ್ವಲ್ಪ ಆವಿಯಾಗಿ ಹೋಗುತ್ತೆ. ಅದಕ್ಕೆ ಅವರು ದೇವತೆಗಳ ಪಾಲು ಅಂತಾರೆ. ತಣ್ಣಗೆ ತೇವವಾಗಿರುವ ಸ್ಕಾಟ್ಲೆಂಡಿನಲ್ಲಿ ಆಲ್ಕೋಹಾಲ್ ಹೆಚ್ಚು ಹಾರಿಹೋಗಿ ಮದ್ಯದ ಬಲ ಇಳಿಯುತ್ತಾ ಬರುತ್ತೆ. ಒಣ ಹವೆಯ ಕೊಲರಾಡೋ, ಅರಿಜೋನಾ ಕಡೆ ಉಲ್ಟಾ: ನೀರು ಮೊದಲು ಹಾರುತ್ತೆ, ಬಲ ಏರುತ್ತೆ. ಅಂದರೆ ಕ್ಯಾಸ್ಕ್ ಸ್ಟ್ರೆಂತ್ ಬಾಟಲಿ ಮೇಲಿನ ಸಂಖ್ಯೆಯಲ್ಲಿ ಆ ಊರಿನ ಹವೆಯೂ ಬರೆದಿರುತ್ತೆ.

(ಬೆಂಗಳೂರಿನವರಿಗೆ ಇದು ಹೊಸದಲ್ಲ. ನಮ್ಮ ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾಯಿತು, ಸ್ಟ್ರಾನಹನ್ಸ್ ಶುರುವಾದ ಅದೇ ವರ್ಷ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ. 2ರಷ್ಟು ಆವಿಯಾದರೆ ಇಲ್ಲಿ ಶೇ. 10ರ ಮೇಲೆ ಹೋಗುತ್ತೆ. ಬಿಸಿ ಊರಲ್ಲಿ ಸಿಂಗಲ್ ಮಾಲ್ಟ್ ಆಗಲ್ಲ ಅನ್ನೋ ಮಾತನ್ನ ಟೆಕ್ಸಸ್‌ನವರೂ ನಾವೂ ಹೆಚ್ಚು ಕಡಿಮೆ ಒಂದೇ ಕಾಲಕ್ಕೆ ಸುಳ್ಳು ಮಾಡಿದ್ದು.)

ಆವಿಯಾಗಿ ಉಳಿದದ್ದು 150 ಲೀಟರ್, ಶೇ. 60 ಅಂತಿಟ್ಟುಕೊಳ್ಳಿ. ಹಾಗೇ ತುಂಬಿದರೆ 750 ಎಂ.ಎಲ್.ನ 200 ಬಾಟಲಿ. ನೀರು ಬೆರೆಸಿ ಶೇ. 40ಕ್ಕೆ ಇಳಿಸಿದರೆ 300 ಬಾಟಲಿ. ನೂರು ಬಾಟಲಿ ಬರೀ ನೀರಿನಿಂದ! ಈಗ ಸುಂಕ ನೋಡಿ. ಅಮೆರಿಕದಲ್ಲಿ ಅಳತೆ ಪ್ರೂಫ್ ಗ್ಯಾಲನ್: ಶೇ. 50 ಬಲದ ಒಂದು ಗ್ಯಾಲನ್. ಅದಕ್ಕೆ ಪೂರ್ಣ ದರ 13.50 ಡಾಲರ್. ಶೇ. 40ರ ಬಾಟಲಿಗೆ 2.14 ಡಾಲರ್, ಶೇ. 60ರ ಬಾಟಲಿಗೆ 3.21 ಡಾಲರ್. ಇಡೀ ಪೀಪಾಯಿಗೆ ಎರಡೂ ಕಡೆ ಅದೇ 642 ಡಾಲರ್, ಯಾಕಂದ್ರೆ ನೀರಿಗೆ ಸುಂಕ ಇಲ್ಲ. ಹಾಗಾಗಿ ಕ್ಯಾಸ್ಕ್ ಸ್ಟ್ರೆಂತ್ ಅಂದ್ರೆ ಡಿಸ್ಟಿಲರಿ ಬಿಟ್ಟುಕೊಟ್ಟ ನೂರು ಬಾಟಲಿ. ಬೆಲೆ ಯಾಕೆ ಜಾಸ್ತಿ ಅಂತ ಕೇಳೋರಿಗೆ ಅರ್ಧ ಉತ್ತರ ಇಲ್ಲೇ ಇದೆ.

‘ಬ್ಯಾರೆಲ್ ಪ್ರೂಫ್’ ಅನ್ನೋ ಮಾತಿಗೆ ಅರ್ಥ ಕೊಟ್ಟದ್ದೂ ಸುಂಕದ ಇಲಾಖೆಯೇ. 1979ರ ಆದೇಶದ ಪ್ರಕಾರ, ಸುಂಕಕ್ಕಾಗಿ ಅಳೆದಾಗ ಇದ್ದ ಪ್ರೂಫ್‌ಗಿಂತ ಬಾಟಲಿಯಲ್ಲಿ 2 ಡಿಗ್ರಿಗಿಂತ ಹೆಚ್ಚು ಇಳಿದಿರಬಾರದು.

ಇನ್ನು 1791ನ್ನ ನೆನಪಿಸಿಕೊಳ್ಳಿ. ಆಗ ಸುಂಕ ದೊಡ್ಡವರಿಗೆ ಹಗುರ, ಸಣ್ಣವರಿಗೆ ಭಾರ. 2017ರ ಕೊನೆಯಲ್ಲಿ ಬಂದ ಕಾನೂನಿನಿಂದ ಪ್ರತಿ ಡಿಸ್ಟಿಲರಿಯ ಮೊದಲ 1,00,000 ಪ್ರೂಫ್ ಗ್ಯಾಲನ್‌ಗೆ ದರ 13.50ರಿಂದ 2.70 ಡಾಲರ್‌ಗೆ ಇಳಿಯಿತು. 2020ರ ಡಿಸೆಂಬರ್‌ನಲ್ಲಿ ಅದನ್ನ ಕಾಯಂ ಮಾಡಿದರು. ನಮ್ಮ ಪೀಪಾಯಿಯ ಸುಂಕ 642ರಿಂದ 128 ಡಾಲರ್‌ಗೆ ಬಂತು. ಸಣ್ಣ ಡಿಸ್ಟಿಲರಿಯ ಇಡೀ ವರ್ಷದ ಉತ್ಪಾದನೆ ಆ ಮಿತಿಯೊಳಗೇ ಮುಗಿಯುತ್ತೆ. ಪೆನ್ಸಿಲ್ವೇನಿಯಾದ ರೈತರು ಕೇಳಿದ್ದು ಸಿಗೋಕೆ 226 ವರ್ಷ ಬೇಕಾಯಿತು.

ಭಾಗ 7

ಸರಿ, ಇದನ್ನ ರುಚಿ ನೋಡೋರು ಹೇಗೆ ನೋಡ್ತಾರೆ? ಒಂದು ಡಿಸ್ಟಿಲರಿ ಇಟ್ಟುಕೊಂಡು ಹೇಳ್ತೀನಿ.

ಅರಿಜೋನಾದ ಟೂಸಾನ್ ಮರುಭೂಮಿಯ ಊರು. ಅಲ್ಲಿ ಸ್ಟೀಫನ್ ಪಾಲ್ ಮೆಸ್ಕೀಟ್ ಮರದಲ್ಲಿ ಪೀಠೋಪಕರಣ ಮಾಡುತ್ತಿದ್ದವರು. ಮೆಸ್ಕೀಟ್ ಅಂದ್ರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಉಳಿದ ಚೂರುಗಳನ್ನ ಸುಟ್ಟು ಅಡುಗೆ ಮಾಡ್ತಾ, ಜೊತೆಗೆ ಸ್ಕಾಚ್ ಕುಡೀತಾ ಇದ್ದಾಗ ಅವರ ಹೆಂಡತಿ ಕೇಳಿದರಂತೆ: ಸ್ಕಾಟ್ಲೆಂಡಿನವರು ಪೀಟ್ ಮಣ್ಣು ಸುಟ್ಟು ಬಾರ್ಲಿಗೆ ಹೊಗೆ ಹಿಡಿಸ್ತಾರೆ, ನಾವು ಈ ಮರದ ಹೊಗೆ ಯಾಕೆ ಹಿಡಿಸಬಾರದು? ಹಾಗೆ ಹುಟ್ಟಿದ್ದು ವಿಸ್ಕಿ ಡೆಲ್ ಬ್ಯಾಕ್. ಅವರ ‘ಡಿಸ್ಟಿಲರ್ಸ್ ಕಟ್’ ಅನ್ನೋದು ಕ್ಯಾಸ್ಕ್ ಸ್ಟ್ರೆಂತ್.

ಇಂಥ ಬಾಟಲಿ ಎದುರಿಗಿದ್ದಾಗ ಬಲ್ಲವರು ಗ್ಲಾಸಿಗೆ ಮೂಗು ತೂರಿಸಲ್ಲ. ಶೇ. 60ರ ಆವಿ ಮೂಗನ್ನ ಜೋಮು ಹಿಡಿಸುತ್ತೆ, ಆಮೇಲೆ ಏನೂ ಗೊತ್ತಾಗಲ್ಲ. ಗ್ಲಾಸ್ ಸ್ವಲ್ಪ ದೂರ, ಬಾಯಿ ಅರೆ ತೆರೆದು, ನಿಧಾನಕ್ಕೆ. ಮೊದಲ ಗುಟುಕು ಚಮಚದ ತುದಿಯಷ್ಟು, ಅದು ನಾಲಿಗೆಗೆ ಒಗ್ಗಿಸೋಕೆ ಮಾತ್ರ. ಲೆಕ್ಕಕ್ಕೆ ಬರೋದು ಎರಡನೆಯದು. ಮಾಲ್ಟ್ ಇದ್ದರೆ ಬಿಸ್ಕತ್ತು, ಹುರಿದ ಧಾನ್ಯ, ಕೋಕೋ. ಸುಟ್ಟ ಹೊಸ ಓಕ್ ಇದ್ದರೆ ವೆನಿಲ್ಲಾ, ಕಾಯಿಸಿದ ಸಕ್ಕರೆ. ಮೆಸ್ಕೀಟ್ ಹೊಗೆ ಪೀಟ್ ಹೊಗೆಯ ಹಾಗೆ ಡೆಟಾಲ್ ವಾಸನೆ ಹೊಡೆಯಲ್ಲ, ಸೌದೆ ಒಲೆಯ ಪಕ್ಕ ಕೂತ ಹಾಗಿರುತ್ತೆ ಅಂತಾರೆ.

ಆಮೇಲೆ ನೀರು, ಹನಿ ಹನಿಯಾಗಿ. ನೀರು ಹಾಕಿದರೆ ಕೆಟ್ಟುಹೋಗುತ್ತೆ ಅನ್ನೋದು ಬರೀ ಗತ್ತಿನ ಮಾತು. 2017ರಲ್ಲಿ ಸ್ವೀಡನ್‌ನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಯಲ್ಲಿ ತೋರಿಸಿದ್ದು ಇದು: ಹೊಗೆ ವಾಸನೆಯ ಗ್ವಾಯಕೋಲ್ ಅಣು ಶೇ. 45ರವರೆಗೆ ದ್ರವದ ಮೇಲ್ಮೈ ಬಳಿ ಇರುತ್ತೆ, ಶೇ. 59ರ ಮೇಲೆ ಹೋದರೆ ಎಥನಾಲ್ ಅದನ್ನ ಸುತ್ತುವರಿದು ಒಳಕ್ಕೆ ಎಳೆದುಕೊಳ್ಳುತ್ತೆ. ನೀರು ಬಿದ್ದಾಗ ವಾಸನೆ ಮೇಲಕ್ಕೆ ಬರುತ್ತೆ. ಅಂದರೆ ಕ್ಯಾಸ್ಕ್ ಸ್ಟ್ರೆಂತ್ ಕೊಂಡವನು ನೀರು ಬೇಡ ಅಂತಲ್ಲ ಕೊಂಡದ್ದು. ಎಷ್ಟು ನೀರು ಅನ್ನೋ ತೀರ್ಮಾನ ಕಾರ್ಖಾನೆಯಿಂದ ಅವನ ಕೈಗೆ ಬಂತು, ಅಷ್ಟೇ.

ಭಾಗ 8, ಕೊನೇದು

2016ರಲ್ಲಿ ಸಣ್ಣ ಡಿಸ್ಟಿಲರಿಗಳು ಕೂಡಿ ಅಮೆರಿಕನ್ ಸಿಂಗಲ್ ಮಾಲ್ಟ್ ವಿಸ್ಕಿ ಕಮಿಷನ್ ಅಂತ ಕಟ್ಟಿಕೊಂಡವು. ಕೇಳಿದ್ದು ಸಬ್ಸಿಡಿ ಅಲ್ಲ, ಒಂದು ವ್ಯಾಖ್ಯೆ. 2022ರ ಜುಲೈಯಲ್ಲಿ ಸರ್ಕಾರ ಕರಡು ಹೊರಡಿಸಿತು. 2024ರ ಡಿಸೆಂಬರ್ 18ಕ್ಕೆ ಅಂತಿಮ ನಿಯಮ ಪ್ರಕಟ, 2025ರ ಜನವರಿ 19ರಿಂದ ಜಾರಿ.

ಬಾರ್ಲಿ ಶೇ. 100 ಮೊಳಕೆಯದೇ ಆಗಿರಬೇಕು. ಕುದಿಸೋದು, ಇಳಿಸೋದು, ಪೀಪಾಯಿಯಲ್ಲಿಡೋದು ಎಲ್ಲ ಅಮೆರಿಕದಲ್ಲೇ. ಬಟ್ಟಿ ಒಂದೇ ಡಿಸ್ಟಿಲರಿಯಲ್ಲಿ, 160 ಪ್ರೂಫ್ ಮೀರದ ಹಾಗೆ. ಓಕ್ ಪೀಪಾಯಿ 700 ಲೀಟರ್ ಒಳಗೆ. ಹೊಸದಾದರೂ ಸರಿ, ಬಳಸಿದ್ದಾದರೂ ಸರಿ. ಈ ಕೊನೇ ಸಾಲು ನನಗೆ ಮುಖ್ಯ ಅನ್ನಿಸುತ್ತೆ. ಸುಟ್ಟ ಹೊಸ ಓಕ್ ಕಡ್ಡಾಯ ಅನ್ನೋದು ಬೂರ್ಬನ್ ಲೋಕದ ನಿಯಮ, ಅದು ಬಾರ್ಲಿಯ ಮೆಲ್ಲಗಿನ ರುಚಿಯನ್ನ ಮುಚ್ಚಿಬಿಡುತ್ತೆ. ಬಳಸಿದ ಪೀಪಾಯಿಗೆ ಒಪ್ಪಿಗೆ ಕೊಟ್ಟಾಗಲೇ ಬಾರ್ಲಿಗೆ ತನ್ನ ದನಿಯಲ್ಲಿ ಮಾತಾಡೋ ಅವಕಾಶ ಸಿಕ್ಕಿದ್ದು.

ಹೆಸರು ಸಿಕ್ಕಿತು ಅಂತ ಎಲ್ಲರೂ ಬಚಾವಾಗಲಿಲ್ಲ. ಪೋರ್ಟ್‌ಲ್ಯಾಂಡ್‌ನ ವೆಸ್ಟ್‌ವರ್ಡ್, ಈ ವರ್ಗದ ದೊಡ್ಡ ಹೆಸರುಗಳಲ್ಲಿ ಒಂದು, ನಿಯಮ ಜಾರಿಯಾದ ಮೂರೇ ತಿಂಗಳಲ್ಲಿ, 2025ರ ಏಪ್ರಿಲ್‌ನಲ್ಲಿ, ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಇಂದು ಇಳಿಸಿದ ಸರಕಿನ ದುಡ್ಡು ನಾಲ್ಕೈದು ವರ್ಷದ ಮೇಲೆ ಬರೋ ವ್ಯಾಪಾರ ಇದು. ವರ್ಕಿಂಗ್ ಕ್ಯಾಪಿಟಲ್ ಅಂದ್ರೆ ಏನು ಅಂತ ಪರೀಕ್ಷೆಯಲ್ಲಿ ಕೇಳಿದರೆ ಪೀಪಾಯಿ ಉದಾಹರಣೆ ಬರೆಯಿರಿ. ಟೆಕ್ಸಸ್‌ನ ಬಾಲ್ಕೋನ್ಸ್, 2012ರಲ್ಲಿ ಲಂಡನ್‌ನಲ್ಲಿ ಲೇಬಲ್ ಮುಚ್ಚಿ ನಡೆಸಿದ ಸ್ಪರ್ಧೆಯಲ್ಲಿ ಸ್ಕಾಟ್ಲೆಂಡಿನ ಹೆಸರಾಂತ ಬಾಟಲಿಗಳನ್ನ ಹಿಂದೆ ಹಾಕಿದ್ದು, ಅದು 2022ರಲ್ಲೇ ಡಿಯಾಜಿಯೋ ಪಾಲಾಯಿತು. ಸಿಯಾಟಲ್‌ನ ವೆಸ್ಟ್‌ಲ್ಯಾಂಡ್ ಅದಕ್ಕೂ ಮೊದಲೇ ಫ್ರಾನ್ಸಿನ ರೆಮಿ ಕ್ವಾಂಟ್ರೋ ಕೈಗೆ ಹೋಗಿತ್ತು. ಲೇಬಲ್ ಮೇಲೆ ಬಾರ್ಲಿಯ ಹೆಸರು ಬಂದಿದೆ, ಮಾಲೀಕರ ಹೆಸರು ಮಾತ್ರ ಚಿಕ್ಕ ಅಕ್ಷರದಲ್ಲಿ ಬದಲಾಗ್ತಾ ಇದೆ.

ಹಳೇ ನಿಯಮದ ಲೇಬಲ್‌ಗಳಿಗೆ ಐದು ವರ್ಷ ಗಡುವು ಇದೆ, 2030ರ ಜನವರಿ 19ರವರೆಗೆ. ಅಲ್ಲಿಯವರೆಗೆ ಅಂಗಡಿ ಕಪಾಟಿನಲ್ಲಿ ಎರಡೂ ಬಗೆಯ ಬಾಟಲಿ ಅಕ್ಕಪಕ್ಕ ನಿಂತಿರ್ತವೆ. ಪ್ರೂಫ್ ಗ್ಯಾಲನ್ ಲೆಕ್ಕ ಅರ್ಥ ಆಗದೋರು ಕಾಮೆಂಟ್ ಹಾಕಿ, ಹಂತ ಹಂತವಾಗಿ ಬಿಡಿಸಿ ಸ್ಟೋರಿಯಲ್ಲಿ ಹಾಕ್ತೀನಿ.